ಶೇಕಡಾ ಹದಿನೆಂಟು

ಕಿಟಕಿಯ ಬಿಸಿಲು ಕಂಪ್ಯೂಟರಿನ ಮೇಲೆ ಬಿದ್ದು ಅಂಕಿಗಳೆಲ್ಲ ಮಸುಕಾಗಿವೆ, ಕೆಂಪು ಹದಿನೆಂಟು ಮಾತ್ರ ಕಣ್ಣಿಗೆ ಚುಚ್ಚುತ್ತದೆ — ಸೀಟು ಕೊಟ್ಟರೆ ಈ ಹುಡುಗಿ ನಮ್ಮ ಕಾಲೇಜಿಗೆ ಬಂದು ಸೇರುವ ಸಾಧ್ಯತೆ ನೂರಕ್ಕೆ ಹದಿನೆಂಟು, ಕ್ಯಾಂಪಸ್ ನೋಡಲು ಬಂದಿಲ್ಲ, ನಾವು ಕಳಿಸಿದ ಮೇಲ್‌ಗಳಲ್ಲಿ ಒಂದರ ಲಿಂಕನ್ನೂ ಒತ್ತಿಲ್ಲ, ಅಂಕ ಮಾತ್ರ ತೊಂಬತ್ತೆಂಟು, ಅದೇ ತಪ್ಪಾಯಿತು, ಇಷ್ಟು ತಗೊಂಡೋಳು ನಮ್ಮ ಹತ್ರ ಯಾಕೆ ಬರ್ತಾಳೆ, ಇನ್ನೂ ದೊಡ್ಡ ಕಡೆ ಹೋಗ್ತಾಳೆ ಎಂದಿದ್ದರು ನಿರ್ದೇಶಕರು, ಕರೆದೋರಲ್ಲಿ ಎಷ್ಟು ಜನ ಬಂದ್ರು ಅನ್ನೋದೇ ನಮ್ಮ ಮರ್ಯಾದೆ, ಕರೆದು ಮುಖಭಂಗ ಯಾಕೆ, ಕಾಯೋ ಪಟ್ಟಿಗೆ ಹಾಕಿ, ಖಂಡಿತ ಬರ್ತೀವಿ ಅಂತ ಬರ್ಕೊಟ್ಟೋರಿಗೆ ಮೊದಲು ಕೊಡಿ — ಎಟುಕದ ದ್ರಾಕ್ಷಿ ಹುಳಿ ಎಂದ ನರಿಯಾದರೂ ಒಂದು ಸಲ ಹಾರಿ ನೋಡಿತ್ತು, ನಾವು ಬಳ್ಳಿಯ ಹತ್ತಿರವೂ ಸುಳಿಯುವುದಿಲ್ಲ — ಅವಳನ್ನು ಆ ಪಟ್ಟಿಗೆ ಹಾಕಿದವಳು ನಾನೇ, ಹನ್ನೊಂದು ವರ್ಷದಿಂದ ಹಾಕುತ್ತಲೇ ಇದ್ದೇನೆ, ಅವಳ ಪ್ರಬಂಧವನ್ನು ಎರಡು ಸಲ ಓದಿದ್ದೆ, ಕಿವಿ ಕೇಳದ ತಮ್ಮನಿಗಾಗಿ ಬಾಗಿಲು ತಟ್ಟಿದರೆ ಹೊತ್ತಿಕೊಳ್ಳುವ ದೀಪ ಮಾಡಿದ್ದಳಂತೆ, ಮೂರನೇ ಸಲ ಓದಿದರೆ ಕೈ ಬರುವುದಿಲ್ಲವೆಂದು ಮುಚ್ಚಿಟ್ಟೆ, ಮುಚ್ಚಿಟ್ಟರೆ ಮುಗಿಯಿತೇ, ಬೆಳಿಗ್ಗೆ ಅವಳದೇ ಫೋನು, ಮೇಡಂ, ನಿಮ್ಮ ಮೇಲ್ ಎಲ್ಲಾ ಲೈಬ್ರರಿಯಲ್ಲಿ ಪ್ರಿಂಟ್ ತೆಗೆಸಿ ಓದಿದೀನಿ, ಮನೇಲಿ ಇರೋದು ಅಮ್ಮನ ಹಳೇ ಫೋನೊಂದೇ — ಕಾಗದದ ಮೇಲಿನ ಲಿಂಕನ್ನು ಯಾರು ಹೇಗೆ ಒತ್ತುತ್ತಾರೆ — ಬೇರೆಲ್ಲೂ ಅರ್ಜಿ ಹಾಕಿಲ್ಲ ಮೇಡಂ, ತಮ್ಮನಿಗೂ ನಿಮ್ಮೂರಲ್ಲೇ ಸ್ಕೂಲು ಸಿಕ್ಕಿದೆ, ಒಟ್ಟಿಗೆ ಇರಬಹುದು ಅಂತ, ಕಾಯೋ ಪಟ್ಟಿಯಿಂದ ಏನಾದ್ರೂ, ಇಲ್ಲಮ್ಮ, ಸೀಟೆಲ್ಲ ತುಂಬೋಯ್ತು ಎಂದೆ, ಅತ್ತುಬಿಟ್ಟಿದ್ದರೆ ಚೆನ್ನಾಗಿತ್ತು, ಬೈದಿದ್ದರೆ ಇನ್ನೂ ಚೆನ್ನಾಗಿತ್ತು, ಅವಳು ಕೇಳಿದ್ದು, ನನ್ನಲ್ಲಿ ಏನು ಕಡಿಮೆ ಇತ್ತು ಹೇಳಿ ಮೇಡಂ, ಮುಂದಿನ ವರ್ಷ ಸರಿ ಮಾಡ್ಕೋತೀನಿ — ಕಡಿಮೆಯಲ್ಲ ಮಗಳೇ, ಹೆಚ್ಚಾಗಿತ್ತು, ಎನ್ನಬೇಕಿತ್ತು, ನಾಲಿಗೆಯ ತುದಿಯವರೆಗೆ ಬಂದಿತ್ತು, ಗಾಜಿನಾಚೆ ನಿರ್ದೇಶಕರು ನಿಂತಿದ್ದರು, ಪ್ರಬಂಧ ಇನ್ನೊಂಚೂರು ಚೆನ್ನಾಗಿ ಬರೀಬೇಕಿತ್ತಮ್ಮ ಎಂದುಬಿಟ್ಟೆ, ಆ ಪ್ರಬಂಧವನ್ನು, ಆ ದೀಪವನ್ನು, ಅವಳು ತಕ್ಷಣ, ಒಂದ್ನಿಮಿಷ ಮೇಡಂ, ನಿಧಾನ ಹೇಳಿ, ಬರ್ಕೋತೀನಿ, ಪೆನ್ನು ಕಾಗದದ ಮೇಲೆ ಸರಿಯುವ ಸದ್ದು, ನಾನು ಕಾಣದ ಮೇಜೊಂದರ ಮೇಲೆ ಬಗ್ಗಿದ ತಲೆ, ನನ್ನ ಸುಳ್ಳನ್ನು ದುಂಡಗೆ ಬರೆದುಕೊಳ್ಳುತ್ತಿರುವ ಕೈ, ಬೇರೆ ವಿಭಾಗದ ನಲವತ್ತು ಅರ್ಜಿ ಬಾಕಿ ಇವೆ, ಓದಬೇಕು, ಮುಂದಿನದನ್ನು ತೆರೆದೆ, ಅಲ್ಲೂ ಆ ಬಗ್ಗಿದ ತಲೆ, ಆ ಕೈ, ಸಾಲು ಮುಗಿಸಿ ನಿಂತ ಪೆನ್ನು — ಹೂಂ ಮೇಡಂ, ಆಮೇಲೆ