ಬೇಟೆ ಚೂರಿಯ ಕುಂಬಳಕಾಯಿ

ಸಾಣೆ ಹಿಡಿಯುವವನು ಬೇರೆ ಯಾರದೋ ಚೂರಿ ಕೊಟ್ಟುಬಿಟ್ಟಿದ್ದಾನೆಂದು ಸುಬ್ರಾಯರಿಗೆ ಗೊತ್ತಾಗುವಷ್ಟರಲ್ಲಿ, ವೆಸ್ಟ್ ಮಾಂಬಲಂನ ಅವರ ಸಸ್ಯಾಹಾರಿ ಹೋಟೆಲಿನಲ್ಲಿ ಕುಂಬಳಕಾಯಿಯೆಲ್ಲ ಅದರಲ್ಲೇ ಹೋಳಾಗಿ ಸಾಂಬಾರಿಗೆ ಬಿದ್ದಾಗಿತ್ತು.

ಚೂರಿ ಹುಡುಕಿಕೊಂಡು ಬಂದ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಬೋಪಯ್ಯನವರು, “ಅದು ನನ್ನ ಬೇಟೆ ಚೂರಿ, ಕಾಡುಹಂದಿ ಸುಲಿಯೋದು” ಎಂದಾಗ ಸುಬ್ರಾಯರ ಜೀವವೇ ಬಾಯಿಗೆ ಬಂತು. ಹಂಡೆ ಸಾಂಬಾರನ್ನು ಚರಂಡಿಗೆ ಸುರಿಯಬೇಕಲ್ಲ!

“ಎಂತ ಮಾರಾಯ್ರೆ! ಎಷ್ಟು ಹಂದಿ ಸುಲಿದಿದ್ದೀರಿ ಇದರಲ್ಲಿ?”

ಬೋಪಯ್ಯನವರು ತಲೆ ತಗ್ಗಿಸಿದರು. “ಒಂದೂ ಇಲ್ಲ. ಬೇಟೆಗೆ ಈಗ ಎಲ್ಲಿ ಬಿಡ್ತಾರೆ? ಆಸೆಗೆ ತಗೊಂಡದ್ದು. ವರ್ಷಾ ವರ್ಷ ಸಾಣೆ ಹಿಡಿಸಿ, ಎಣ್ಣೆ ಸವರಿ, ಪೆಟ್ಟಿಗೆಯಲ್ಲಿಡ್ತೇನೆ. ಒಂದು ನಿಂಬೆಹಣ್ಣೂ ಕೊಯ್ದಿಲ್ಲ.”

ಸುಬ್ರಾಯರು ಕುರ್ಚಿಯಲ್ಲಿ ಕುಸಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ಹಾಗಾದ್ರೆ ಕೂತ್ಕೊಳ್ಳಿ. ನಿಮ್ಮ ಮೊದಲ ಬೇಟೆ ಬಡಿಸ್ತೇನೆ.”