ಅಕ್ಕ ಚೀವರ ಉಟ್ಟ ಬೆಳಗ್ಗೆ

ಅಕ್ಕನ ಗಲ್ಲದ ಕೆಳಗೆ ಬಿಳಿ ಬಟ್ಟೆ ಹಿಡಿದಿದ್ದೇನೆ, ಕೂದಲು ನೆಲಕ್ಕೆ ಬೀಳಬಾರದು, ಬೌದ್ಧ ವಿಹಾರದ ಹಜಾರದಲ್ಲಿ ಕ್ಷೌರದ ಕತ್ತಿಯ ಸದ್ದೊಂದೇ, ದಪ್ಪ ಬಟ್ಟೆಗೆ ಕತ್ತರಿ ಹೊಕ್ಕಂಥ ಸದ್ದು — ದಿನಾ ನಾನು ಈ ಜಡೆ ಹೆಣೆದುಕೊಟ್ಟ ಮೇಲೆ ಇಬ್ಬರೂ ಹೊಲಿಗೆ ಅಂಗಡಿಗೆ ಓಡುತ್ತಿದ್ದೆವು, ಏನಮ್ಮಾ ನಿನ್ನ ತಂಗಿಗೆ ಬಾಯಿಲ್ವಾ, ಗಿರಾಕಿಗಳು ಕೇಳುವರು, ಇದೆ, ನನಗೆ ಬಾಡಿಗೆಗೆ ಕೊಟ್ಟಿದಾಳೆ, ಅಕ್ಕ ಟೇಪು ಕೊರಳಿಗೆ ಹಾಕಿಕೊಂಡು ಅನ್ನುವಳು, ನಾನು ಶಾಲೆ ಬಿಟ್ಟಾಗ ಮೇಷ್ಟರ ಹತ್ತಿರ ಮಾತಾಡಿದವಳೂ ಅವಳೇ. ಈಗ ಕಣ್ಣು ಮುಚ್ಚಿ, ದೀಕ್ಷೆ ಕೊಡುವ ಗುರುಮಾತೆ ಹೇಳಿಕೊಟ್ಟಂತೆ, ಮೈಯ ಮೋಹ ಬಿಡಿಸುವ ಪಾಠ ಹೇಳುತ್ತಿದ್ದಾಳೆ, ಕೂದಲು, ರೋಮ, ಉಗುರು, ಹಲ್ಲು, ಚರ್ಮ, ಮತ್ತೆ ತಿರುಗಾ ಚರ್ಮ, ಹಲ್ಲು — ಎಷ್ಟು ಧೈರ್ಯ ಆ ಮುಖದಲ್ಲಿ, ದೂರದ ಊರಿಗೆ ನಡೆದೇ ಹೊರಟವಳ ಹಾಗೆ. ಹಿಂದಿನಿಂದ ಚಿಕ್ಕಮ್ಮ ಗೊಣಗುತ್ತಾಳೆ, ಇಷ್ಟು ಕೂದಲು ಯಾರಾದ್ರೂ ಕೈಯಾರೆ ಬೋಳಿಸ್ಕೋತಾರೇನೇ, ನೀನೊಂದು ಮಾತು ಬೇಡ ಅನ್ನು, ಎಲ್ಲಾ ನಿಂತೋಗತ್ತೆ. ನಿಜ, ಅಪ್ಪ ಅಮ್ಮ ಇಲ್ಲ, ಅವಳು ಶ್ರಾಮಣೇರಿಯಾಗಲು, ಕಿರಿಯ ಸನ್ಯಾಸಿನಿಯಾಗಲು, ಒಪ್ಪಿಗೆಯನ್ನು ಎಲ್ಲರೆದುರು ಒಡಹುಟ್ಟಿದ ನಾನೇ ಬಾಯಿಬಿಟ್ಟು ಹೇಳಬೇಕು, ಹೇಳದಿದ್ದರೆ ಸಂಜೆಗೆ ಅಕ್ಕ ಮನೆಗೆ ಬರುತ್ತಾಳೆ, ಬೋಳುತಲೆಯಲ್ಲೇ ಪಕ್ಕದ ಮಷೀನಿಗೆ ಕೂರುತ್ತಾಳೆ, ಸುಮ್ಮನಿರುವುದು ನನಗೇನು ಕಷ್ಟವೇ.

ಅಕ್ಕ ಚೀವರದೊಳಗೆ ತೊಡಲೆಂದು ನಾನು ಹೊಲಿದ ಒಳಅಂಗಿಯನ್ನು ಗುರುಮಾತೆ ಬಿಡಿಸುತ್ತಾರೆ, ಬೆರಳು ಎಲ್ಲೋ ಒಳಹೊಕ್ಕು ನಿಲ್ಲುತ್ತದೆ — ಅಯ್ಯೋ, ಜೇಬು, ಕೈಗೆ ಅದೇ ರೂಢಿ, ಅಕ್ಕನ ಪ್ರತಿ ಬಟ್ಟೆಗೂ ಸೀಮೆಸುಣ್ಣಕ್ಕೊಂದು ಜೇಬಿಡುತ್ತಿದ್ದೆ, ಇದರಲ್ಲಿ ಏನಿಟ್ಕೋಬೇಕಮ್ಮಾ ಇವಳು, ಗುರುಮಾತೆ ನಗುತ್ತಾರೆ, ತನ್ನನ್ನೇ ಇಟ್ಕೊಂಡು ಹೋಗ್ಲಿ ಅಂತ ಹೊಲಿದಿರ್ತಾಳೆ, ಅಕ್ಕ ಕಣ್ಣು ತೆರೆಯದೆ ಅನ್ನುತ್ತಾಳೆ, ಎಲ್ಲರೂ ನಗುತ್ತಾರೆ, ನಾನೂ, ನಗುತ್ತಲೇ ಆ ಜೇಬಿನ ಹೊಲಿಗೆ ಬಿಚ್ಚುತ್ತೇನೆ, ದಾರ ಬಿಡದು, ಗಟ್ಟಿಯಾಗೇ ಹಾಕಿದ್ದೆ. ಮನೆಯವರ ಒಪ್ಪಿಗೆ ಇದೆಯಾ, ಗುರುಮಾತೆ ಕೇಳುತ್ತಾರೆ. ಈ ಸಲ ಅಕ್ಕ ನನ್ನ ಪರವಾಗಿ ಹೇಳುವುದಿಲ್ಲ, ತಿರುಗಿ ನೋಡುವುದೂ ಇಲ್ಲ, ಬೆನ್ನು ನೆಟ್ಟಗೆ ಮಾಡಿ ಕಾಯುತ್ತಾಳೆ, ನುಣ್ಣನೆ ತಲೆಯ ಹಿಂದೆ ಒಂದು ಕಪ್ಪು ಮಚ್ಚೆ, ಇಷ್ಟು ವರ್ಷ ಬಾಚಿದೆ, ಕಂಡಿರಲಿಲ್ಲ, ನನಗೆ ಗೊತ್ತಿಲ್ಲದ್ದೂ ಅವಳಲ್ಲಿ ಇತ್ತು. ಇದೆ, ಅಂದೆ. ನನ್ನ ದನಿ ಗೋಡೆಗೆ ತಾಗಿ ವಾಪಸು ಬಂತು, ಚಿಕ್ಕಮ್ಮನ ಬಿಕ್ಕು, ಅಕ್ಕ ಒಳಗೆ ಹೋದಳು, ಕಾವಿ ಚೀವರ ಉಟ್ಟು ಬಂದಳು, ಎಷ್ಟು ಚೆಂದ, ನಾನು ಹಣೆ ನೆಲಕ್ಕೆ ಹಚ್ಚಿದೆ, ಅವಳಿಗೆ, ಮೊದಲ ಸಲ, ಈಗ ಅವಳು ಬೆನ್ನು ತಿರುಗಿಸಿ ಶೀಲದ ವ್ರತಗಳನ್ನು ಹೇಳುತ್ತಿದ್ದಾಳೆ, ಅದೇ ದನಿ, ಅಂಗಡಿಯಲ್ಲಿ ನನಗಾಗಿ ಜಗಳವಾಡಿದ ದನಿ, ತಡವರಿಸುತ್ತಿಲ್ಲ, ಕಾವಿಯ ಅಂಚು, ಅದರ ಮೇಲೆ ಮಚ್ಚೆ, ನನ್ನ ಗಂಟಲು ಒಣಗಿದೆ, ಮಚ್ಚೆ, ಎಲ್ಲರ ಕಣ್ಣು ಅವಳ ಮೇಲೆ, ಮಚ್ಚೆ —

ಅಕ್ಕಾ, ಸ್ವಲ್ಪ ನೀರು ಕೊಡೇ.