ವರ್ಡೆಲ್ ಕಟ್ಟಿದ ಹಾಡು

ಅಮೆರಿಕದ ನ್ಯೂವರ್ಕ್ ಊರಿನ ಒಂದು ಲಾಂಡ್ರಿಯಲ್ಲಿ ಚಳಿಗಾಲದಲ್ಲೂ ಮೈ ಬೇಯುತ್ತಿತ್ತು. ಆವಿಯ ಇಸ್ತ್ರಿ ಯಂತ್ರದ ಮುಂದೆ ನಿಂತು ನಿಂತು ವರ್ಡೆಲ್‌ಳ ಕೈತುಂಬ ಸುಟ್ಟ ಕಲೆಗಳಾಗಿದ್ದವು. ಯಂತ್ರದ ಸದ್ದನ್ನೇ ತಾಳ ಮಾಡಿಕೊಂಡು ಅವಳೊಂದು ಹಾಡು ಕಟ್ಟಿದಳು. ಪಕ್ಕದ ಹೆಂಗಸರು "ಡೂ-ವಾ, ಡೂ-ವಾ" ಎಂದು ದನಿಗೂಡಿಸಿದರು. ತಾಯಿಯಿಲ್ಲದ ತಮ್ಮ ಆಲ್ವೆಸ್ಟರನಿಗೆ ಅಡುಗೆಮನೆಯಲ್ಲಿ ಅದನ್ನು ಕಲಿಸಿದವಳೂ ಅವಳೇ. ಅವನು ಮೂವರು ಗೆಳೆಯರ ಜತೆ ಬೀದಿ ಮೂಲೆಯಲ್ಲಿ ನಿಂತು ಹಾಡಿದ. ವಾದ್ಯ ಕೊಳ್ಳುವ ಶಕ್ತಿ ಯಾರಿಗಿತ್ತು? ಗಂಟಲೇ ವಾದ್ಯ.

ರೆಕಾರ್ಡ್ ಕಂಪನಿಯ ಪ್ರೂಯಿಟ್ ಈ ನಾಲ್ವರನ್ನೂ ಕರೆಸಿ ಹಾಡಿಸಿದ. ಆಮೇಲೆ ಬಾಗಿಲು ಹಾಕಿಕೊಂಡು ಕೇಳಿದ.

"ಯಾರು ಕಟ್ಟಿದ್ದು ಇದನ್ನ?"

"ನಮ್ಮಕ್ಕ, ಸಾರ್. ಲಾಂಡ್ರೀಲಿದ್ದಾಳೆ."

ಪ್ರೂಯಿಟ್ ನಕ್ಕ. "ಬಟ್ಟೆ ತಿಕ್ಕೋಳ ಹೆಸರು ಹಾಕಿದ್ರೆ ರೇಡಿಯೋದವ್ರು ಮುಟ್ತಾರೇನಯ್ಯ? ನಾನೇ ಬರೆದೆ ಅಂತಿರ್ಲಿ. ಆಗಲ್ಲ ಅಂದ್ರೆ ಹೇಳ್ಬಿಡು, ಹೊರಗೆ ನಿಮ್ಮಂಥೋರು ಸಾಲುಗಟ್ಟಿ ನಿಂತವ್ರೆ."

ಗೆಳೆಯರು ಆಲ್ವೆಸ್ಟರನ ಮುಖವನ್ನೇ ನೋಡುತ್ತಿದ್ದರು. ಅವನು ಹೂಂ ಎಂದು ತಲೆಯಾಡಿಸಿದ.

ಆ ಬೇಸಗೆ ಊರ ತುಂಬ ಅದೇ ಹಾಡು. ಹಾಡು ಯಾರದೆಂದು ರೇಡಿಯೋದವನು ಕಾರ್ಯಕ್ರಮದಲ್ಲಿ ಕೇಳಿದಾಗ "ಪ್ರೂಯಿಟ್ ಸಾಹೇಬ್ರು ಬರೆದದ್ದು" ಎಂದು ಆಲ್ವೆಸ್ಟರ್ ತನ್ನ ಬಾಯಿಂದಲೇ ಹೇಳಿದ. ಲಾಂಡ್ರಿಯ ಹೆಂಗಸರೆಲ್ಲ ಅದನ್ನು ಕೇಳಿಸಿಕೊಂಡರು. ಅಂದು ಸಂಜೆ ವರ್ಡೆಲ್ ಎಂದಿನಂತೆ ಮೆಕ್ಕೆಜೋಳದ ರೊಟ್ಟಿ, ಬೇಯಿಸಿದ ಸೊಪ್ಪು ಬಡಿಸಿದಳು.

"ಉಪ್ಪು ಸರಿಯಾಗಿದ್ಯೇನೋ?" ಎಂದಷ್ಟೇ ಕೇಳಿದಳು.

ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

ವರ್ಷಗಳು ಉರುಳಿದವು. ಗೆಳೆಯರು ಚದುರಿದರು. ಆಲ್ವೆಸ್ಟರ್ ಲಾರಿಗೆ ಮೂಟೆ ತುಂಬುವ ಕೂಲಿಯಾದ. ಹಾಡು ಮಾತ್ರ ಪ್ರೂಯಿಟ್‌ನನ್ನು ಸಾಕುತ್ತಲೇ ಇತ್ತು. ಈಗ ಟೀವಿಯಲ್ಲಿ ಸೋಪು ಮಾರುತ್ತಿತ್ತು. ಅದು ಕೇಳಿಸಿದಾಗಲೆಲ್ಲ ಆಲ್ವೆಸ್ಟರ್ ಎದ್ದು ಹೊರಗೆ ಹೋಗುತ್ತಿದ್ದ. ಒಂದು ಮಧ್ಯಾಹ್ನ ತಡೆಯಲಾರದೆ ಲಾಂಡ್ರಿಗೆ ಹೋಗಿ, ಎಲ್ಲರೆದುರು ಅಕ್ಕನ ಮುಂದೆ ನಿಂತ.

"ತಪ್ಪಾಯ್ತಕ್ಕ."

ಅವಳು ಅಂಗಿಯಿಂದ ಕಣ್ಣೆತ್ತಲಿಲ್ಲ. "ನಂಗ್ಯಾಕೋ ಹೇಳ್ತೀಯ? ನಂಗೊತ್ತಿರೋದೇ ತಾನೆ. ಸುಳ್ಳು ಹೇಳಿದ್ದು ರೇಡಿಯೋದಲ್ಲಿ. ಅಲ್ಲೇ ಹೋಗಿ ನಿಜ ಹೇಳು."

"ನನ್ನಂಥೋನ್ನ ಒಳಕ್ಕೇ ಬಿಡಲ್ಲ ಕಣಕ್ಕ."

ಪಕ್ಕದ ಯಂತ್ರದ ಮುದುಕಿ ಲರ್ಲೀನ್ ಏಪ್ರನ್ನಿಗೆ ಕೈ ಒರೆಸಿಕೊಂಡಳು. "ಒಬ್ನೇ ಹೋದ್ರೆ ಬಿಡಲ್ಲಪ್ಪ. ಈ ಹಾಡು ಹುಟ್ಟಿದ್ದು ನಮ್ಮ ಕಣ್ಮುಂದೆ. ನಾವೂ ಬತ್ತೀವಿ ನಡಿ."

ಅವಳು ತನ್ನ ಯಂತ್ರದ ಸ್ವಿಚ್ ಆರಿಸಿದಳು. ಉಳಿದ ಯಂತ್ರಗಳೂ ಒಂದೊಂದಾಗಿ ನಿಂತವು.

"ಹೊರಗೆ ಕಾಲಿಟ್ಟೋರು ನಾಳೆಯಿಂದ ಬರೋದು ಬೇಡ," ಮೇಸ್ತ್ರಿ ಗದರಿದ.

ಯಾರೂ ತಿರುಗಿ ನೋಡಲಿಲ್ಲ.

ರೇಡಿಯೋ ಕಟ್ಟಡದ ಕಾವಲುಗಾರ ಇವರನ್ನು ಕಂಡವನೇ ಬಾಗಿಲಿಗೆ ಅಗುಳಿ ಹಾಕಿದ. ಹೆಂಗಸರು ಅಲ್ಲೇ ನಿಂತರು. ವರ್ಡೆಲ್ ಮೊದಲ ಸಾಲು ಎತ್ತಿದಳು. ಅವಳ ದನಿಯಲ್ಲಿ ಆ ಹಾಡನ್ನು ಬೀದಿ ಕೇಳಿದ್ದು ಅದೇ ಮೊದಲು. ಮೇಲಿನ ಕಿಟಕಿಗಳು ತೆರೆದುಕೊಂಡವು.

ನಿಜ ಹೇಳಲೆಂದು ಬಂದ ಆಲ್ವೆಸ್ಟರ್ ಎಲ್ಲರಿಗಿಂತ ಹಿಂದೆ ನಿಂತಿದ್ದ. ಮುಂದೆ ಬಾ ಎಂದು ಅವನನ್ನು ಯಾರೂ ಕರೆಯಲಿಲ್ಲ.